ಟೆಸ್ಟಿನಲ್ಲಿ ತೊಂಬತ್ತು ಅಂಕ, ವಾರ್ಡಿನಲ್ಲಿ ಎರಡು ಜೊತೆ ಗ್ಲೌಸ್: ಎಚ್‌ಐವಿ ಪಾಠ ಹೇಗೆ ಮಾಡುತ್ತೀರಿ?

ನರ್ಸಿಂಗ್ ಬೋಧಕಿ

ಎಲ್ಲರಿಗೂ ನಮಸ್ಕಾರ. ನಾನು ಎರಡನೇ ವರ್ಷದ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದು ವಿಷಯ ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಎಚ್‌ಐವಿ ಪಾಠಕ್ಕೆ ಈ ಸಲ ಆರು ಗಂಟೆ ಕೊಟ್ಟೆ. ವೈರಸ್ ಹೇಗಿರುತ್ತದೆ, ರೋಗದ ವಿರುದ್ಧ ಹೋರಾಡುವ ಸಿಡಿ4 ಬಿಳಿ ರಕ್ತಕಣಗಳಿಗೆ ಏನಾಗುತ್ತದೆ, ಯಾವ ದಾರಿಯಲ್ಲಿ ಹರಡುತ್ತದೆ, ಯಾವುದರಿಂದ ಹರಡುವುದಿಲ್ಲ, ಮಾತ್ರೆ ಯಾವುವು, ಎಲ್ಲಾ ಆಯಿತು. ಟೆಸ್ಟ್ ಇಟ್ಟೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ತೊಂಬತ್ತರ ಮೇಲೆ ಬಂತು. ‘ಮುಟ್ಟಿದರೆ ಎಚ್‌ಐವಿ ಬರುತ್ತದೆಯೇ’ ಅನ್ನುವ ಪ್ರಶ್ನೆಗೆ ಒಬ್ಬರೂ ತಪ್ಪು ಬರೆದಿರಲಿಲ್ಲ.

ಮರುವಾರ ಪೋಸ್ಟಿಂಗ್. ಎಚ್‌ಐವಿ ಇರುವ ಒಬ್ಬರು ನ್ಯುಮೋನಿಯಾ ಅಂತ ಅಡ್ಮಿಟ್ ಆಗಿದ್ದರು. ತೊಂಬತ್ತೆರಡು ಅಂಕ ತೆಗೆದ ಹುಡುಗಿ ಅವರ ಬಿಪಿ ನೋಡಲು ಹೋದಳು, ಎರಡು ಜೊತೆ ಗ್ಲೌಸ್ ಹಾಕಿಕೊಂಡು. ಪಕ್ಕದ ಹಾಸಿಗೆಯವರ ಬಿಪಿಯನ್ನು ಐದು ನಿಮಿಷ ಮುಂಚೆ ಬರಿಗೈಯಲ್ಲೇ ನೋಡಿದ್ದಳು. ಅವರು ಏನೂ ಅನ್ನಲಿಲ್ಲ, ಅವಳ ಕೈಯನ್ನೇ ನೋಡುತ್ತಾ ಮಲಗಿದ್ದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅವಳನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಪಾಠ ತಲೆಗೆ ಹೋಗಿದೆ, ಕೈಗೆ ಇಳಿದಿಲ್ಲ. ಕೈಗೆ ಇಳಿಸುವುದು ಹೇಗೆ?

ವಾರ್ಡ್ ಸಿಸ್ಟರ್, 26 ವರ್ಷ ಸರ್ವಿಸ್

ಮೇಡಂ, ಮೊದಲು ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹುಡುಗಿ ಎರಡು ಜೊತೆ ಗ್ಲೌಸ್ ಹಾಕುವುದನ್ನು ಎಲ್ಲಿ ಕಲಿತಳು? ನಿಮ್ಮ ಕ್ಲಾಸಿನಲ್ಲಿ ಅಲ್ಲ. ವಾರ್ಡಿನಲ್ಲಿ ಯಾರೋ ಸೀನಿಯರ್ ಹಾಗೆ ಮಾಡಿದ್ದನ್ನು ನೋಡಿದ್ದಾಳೆ. ನಾವು ಹ್ಯಾಂಡೋವರ್ ಕೊಡುವಾಗ ಎಂಟನೇ ಬೆಡ್ ಹತ್ತಿರ ಬಂದ ತಕ್ಷಣ ದನಿ ಇಳಿಸಿ ‘ಸ್ವಲ್ಪ ಹುಷಾರು’ ಅಂತ ಕಣ್ಣು ಮಾಡುತ್ತೇವಲ್ಲ, ಮಕ್ಕಳು ಕಲಿಯುವುದು ಅದನ್ನೇ. ಆರು ಗಂಟೆಯ ಪಾಠವನ್ನು ಆ ಒಂದು ಕಣ್ಸನ್ನೆ ಅಳಿಸಿಬಿಡುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಾನೂ ಹಾಗೇ ಇದ್ದೆ. ಬದಲಾಗಿದ್ದು ಒಬ್ಬ ಇನ್‌ಚಾರ್ಜ್ ಸಿಸ್ಟರ್ ಅವರಿಂದ. ಅವರು ಪಾಠ ಮಾಡಲಿಲ್ಲ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಎಲ್ಲರ ಹಣೆ ಮುಟ್ಟಿ ನೋಡುತ್ತಿದ್ದರು, ಎಲ್ಲರದ್ದೂ, ಒಂದೇ ರೀತಿ. ನಾಲ್ಕು ದಿನ ಅವರ ಹಿಂದೆ ಓಡಾಡಿದ ಮೇಲೆ ನನ್ನ ಕೈಯೂ ತಾನಾಗಿ ಹಾಗೇ ಹೋಯಿತು.

ನನ್ನ ಸಲಹೆ ಇಷ್ಟೇ. ಎಚ್‌ಐವಿ ಪಾಠಕ್ಕಿಂತ ಮುಂಚೆ, ಎಚ್‌ಐವಿ ಅನ್ನುವ ಹೆಸರನ್ನೇ ಎತ್ತದೆ ಸ್ಟ್ಯಾಂಡರ್ಡ್ ಪ್ರಿಕಾಷನ್ಸ್, ಅಂದರೆ ಎಲ್ಲಾ ರೋಗಿಗಳಿಗೂ ಒಂದೇ ರೀತಿಯ ಮುನ್ನೆಚ್ಚರಿಕೆ, ಕಲಿಸಿ. ರಕ್ತ ಯಾರದ್ದೇ ಇರಲಿ, ಗ್ಲೌಸ್ ಹಾಕು. ಬಿಪಿ, ಟೆಂಪರೇಚರ್, ಮೈ ಒರೆಸುವುದು, ಗಾಯ ಇಲ್ಲದ ಚರ್ಮ ಮುಟ್ಟುವುದು, ಇವಕ್ಕೆ ಎಚ್‌ಐವಿ ಇದೆ ಅಂತ ಗ್ಲೌಸ್ ಬೇಡ, ಅದೂ ಯಾರಿಗೇ ಆಗಲಿ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡ. ಬಳಸಿದ ಸೂಜಿ ಹಾಕುವ ಶಾರ್ಪ್ಸ್ ಡಬ್ಬ ಮುಕ್ಕಾಲು ತುಂಬಿದರೆ ಬದಲಾಯಿಸು. ಇದು ಕೈಗೆ ಒಗ್ಗಿದ ಮೇಲೆ ಎಚ್‌ಐವಿ ಪಾಠ ಬರಲಿ. ಆಗ ಮಕ್ಕಳೇ ಕೇಳುತ್ತಾರೆ, ‘ಹಾಗಾದರೆ ಇವರಿಗೆ ಬೇರೆ ಏನು ಮಾಡಬೇಕು ಮೇಡಂ?’ ಬೇರೆ ಏನೂ ಇಲ್ಲ ಅಂತ ನೀವು ಹೇಳಬಹುದು.

ಸೋಂಕು ನಿಯಂತ್ರಣ ನರ್ಸ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಭಯದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಮಕ್ಕಳಿಗೆ ‘ಹೆದರಬೇಡಿ’ ಅಂತ ಹೇಳಿದರೆ ಕೆಲಸ ಆಗುವುದಿಲ್ಲ. ಸೂಜಿ ಚುಚ್ಚಿಕೊಂಡರೆ ಏನು ಗತಿ ಅನ್ನುವ ಹೆದರಿಕೆ ನಿಜವಾದದ್ದು. ಅದನ್ನು ಅಳತೆಗೆ ತರಬೇಕು. ನಾನು ಮಾಡುವುದು ಹೀಗೆ. ಒಂದು ದೊಡ್ಡ ಹಾಳೆಯ ಮೇಲೆ 1000 ಚುಕ್ಕಿ ಹಾಕುತ್ತೇನೆ. ಎಚ್‌ಐವಿ ಇರುವ ರಕ್ತದ ಸೂಜಿ 1000 ಸಲ ಚುಚ್ಚಿಕೊಂಡರೆ, ಔಷಧಿ ತೆಗೆದುಕೊಳ್ಳದೇ ಇದ್ದರೂ, ಸುಮಾರು 3 ಸಲ ಸೋಂಕು ತಗಲುತ್ತದೆ. ಮೂರು ಚುಕ್ಕಿಗೆ ಕೆಂಪು ಬಣ್ಣ. ಪಕ್ಕದಲ್ಲಿ ಇನ್ನೊಂದು ಹಾಳೆ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರದ್ದು. ಅದರಲ್ಲಿ 60ರಿಂದ 300 ಚುಕ್ಕಿ ಕೆಂಪು. ರಕ್ತ ಕಣ್ಣಿಗೋ ಬಾಯಿಗೋ ಸಿಡಿದರೆ ಎಚ್‌ಐವಿ ತಗಲುವುದು 1000ಕ್ಕೆ ಒಂದಕ್ಕಿಂತಲೂ ಕಡಿಮೆ. ಮಕ್ಕಳು ಎರಡು ಹಾಳೆಯ ಮುಂದೆ ನಿಂತು ಸುಮ್ಮನೆ ನೋಡುತ್ತಾರೆ. ಆಮೇಲೆ ಯಾರಾದರೂ ಒಬ್ಬರು ‘ಮೇಡಂ, ನನ್ನ ಹೆಪಟೈಟಿಸ್ ಬಿ ಮೂರನೇ ಡೋಸ್ ಬಾಕಿ ಇದೆ’ ಅನ್ನುತ್ತಾರೆ. ಅಲ್ಲಿಗೆ ಪಾಠ ಕೆಲಸ ಮಾಡಿತು ಅಂತ ಲೆಕ್ಕ.

ಎರಡನೆಯದು, ಡ್ರಿಲ್. ಲ್ಯಾಬಿನಲ್ಲಿ ಮ್ಯಾನಿಕಿನ್ ಕೈಗೆ ಕ್ಯಾನುಲಾ ಹಾಕಿಸುತ್ತಿರುವಾಗ ಯಾರಿಗಾದರೂ ಒಬ್ಬರಿಗೆ ಹಠಾತ್ತಾಗಿ ‘ನಿನಗೆ ಸೂಜಿ ಚುಚ್ಚಿತು, ಈಗ ಏನು ಮಾಡುತ್ತೀಯ?’ ಅಂತ ಕೇಳುತ್ತೇನೆ. ಬಾಯಲ್ಲಿ ಹೇಳುವ ಹಾಗಿಲ್ಲ, ಮಾಡಿ ತೋರಿಸಬೇಕು. ಹೆಚ್ಚಿನವರು ಮೊದಲು ಮಾಡುವುದು ಬೆರಳು ಹಿಂಡುವುದು. ಕೆಲವರು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಸ್ಪಿರಿಟ್ ಬಾಟಲಿಗೆ ಕೈ ಹಾಕುವವರೂ ಇದ್ದಾರೆ. ಮೂರೂ ಬೇಡ. ಹಿಂಡದೆ ಸೋಪು ನೀರಿನಲ್ಲಿ ತೊಳೆಯಬೇಕು, ಕಣ್ಣಾದರೆ ಬರೀ ನೀರು. ಸಮಯ ಬರೆದುಕೊಳ್ಳಬೇಕು. ಇನ್‌ಚಾರ್ಜ್‌ಗೆ ಆಗಲೇ ತಿಳಿಸಬೇಕು, ಶಿಫ್ಟ್ ಮುಗಿದ ಮೇಲೆ ಅಲ್ಲ. ಪಿಇಪಿ, ಅಂದರೆ ಹೀಗೆ ಚುಚ್ಚಿದ ಮೇಲೆ ಸೋಂಕು ತಡೆಯಲು ಕೊಡುವ ಮಾತ್ರೆ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಗಂಟೆಗಳ ಲೆಕ್ಕ ಅದು. 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು.

ಇದನ್ನು ಮೂರು ಸಲ ಮಾಡಿ ನೋಡಿದ ಮಕ್ಕಳಿಗೆ ಹೆದರಿಕೆ ಪೂರ್ತಿ ಹೋಗುವುದಿಲ್ಲ. ಆದರೆ ಏನಾದರೂ ಆದರೆ ಮುಂದೇನು ಅಂತ ಗೊತ್ತಿರುತ್ತದೆ. ಅದು ಗೊತ್ತಿಲ್ಲದ ಕೈಯೇ ಎರಡು ಜೊತೆ ಗ್ಲೌಸ್ ಹುಡುಕುವುದು.

ಮೂರನೇ ವರ್ಷದ ವಿದ್ಯಾರ್ಥಿನಿ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು, ತಪ್ಪಿದ್ದರೆ ಕ್ಷಮಿಸಿ. ಆ ಹುಡುಗಿಯ ಜಾಗದಲ್ಲಿ ನಾನೂ ಇದ್ದೆ.

ಕ್ಲಾಸಿನಲ್ಲಿ ‘ಡೌಟ್ ಇದೆಯಾ’ ಅಂತ ಕೇಳಿದಾಗ ಯಾರೂ ಕೈ ಎತ್ತುವುದಿಲ್ಲ. ನಿಜವಾದ ಡೌಟ್ ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ, ಇಲ್ಲಾ ಕೆಟ್ಟವಳು ಅಂದುಕೊಳ್ಳುತ್ತಾರೆ. ನಮಗೆ ಒಬ್ಬ ಸರ್ ಬೇರೆ ದಾರಿ ಮಾಡಿಕೊಟ್ಟರು. ಪಾಠಕ್ಕೆ ಎರಡು ದಿನ ಮುಂಚೆ ಒಂದು ಡಬ್ಬ ಇಟ್ಟರು. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಅಂತ ಬರೆದು ಹಾಕಬೇಕು, ಹೆಸರು ಬರೆಯಬಾರದು. ಆಗ ಯಾರು ಕೇಳಿದರು ಅಂತ ಗೊತ್ತಾಗುವುದಿಲ್ಲ ಅಲ್ವಾ. ಏನೆಲ್ಲಾ ಬಂತು ಗೊತ್ತಾ? ಸೊಳ್ಳೆ ಕಚ್ಚಿದರೆ ಯಾಕೆ ಬರುವುದಿಲ್ಲ? ರೋಗಿ ಕೆಮ್ಮಿದ ಕಫ ಕೈಗೆ ತಗಲಿದರೆ? ನಾನು ಆ ವಾರ್ಡಿನಲ್ಲಿದ್ದೇನೆ ಅಂತ ಮನೆಯಲ್ಲಿ ಗೊತ್ತಾದರೆ ಓದು ಬಿಡಿಸುತ್ತಾರೆ, ಏನು ಹೇಳಲಿ? ಒಂದು ಚೀಟಿಯಲ್ಲಿ ಬರೀ ‘ನನ್ನ ಮಾವನಿಗೆ ಇದೆ’ ಅಂತ ಇತ್ತು. ಪ್ರಶ್ನೆ ಇರಲಿಲ್ಲ.

ಸರ್ ಒಂದೊಂದಕ್ಕೂ ಕಾರಣ ಸಮೇತ ಉತ್ತರ ಕೊಟ್ಟರು. ಸೊಳ್ಳೆ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಮೊದಲು ಕುಡಿದ ರಕ್ತವನ್ನಲ್ಲ, ಅದರ ಹೊಟ್ಟೆಯಲ್ಲಿ ಈ ವೈರಸ್ ಬೆಳೆಯುವುದೂ ಇಲ್ಲ. ಕಫ, ಬೆವರು, ಕಣ್ಣೀರು, ಮೂತ್ರ, ವಾಂತಿ ಇವುಗಳಲ್ಲಿ ರಕ್ತ ಕಾಣದಿದ್ದರೆ ಎಚ್‌ಐವಿ ಭಯ ಇಲ್ಲ, ಆದರೆ ಕಫ ಅಂದ ತಕ್ಷಣ ಟಿಬಿ ನೆನಪಾಗಬೇಕು. ‘ಬರುವುದಿಲ್ಲ’ ಅಂತ ಬಾಯಿಪಾಠ ಮಾಡಿದ್ದಕ್ಕೂ ಯಾಕೆ ಬರುವುದಿಲ್ಲ ಅಂತ ಗೊತ್ತಾದದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಬಾಯಿಪಾಠ ಮಾಡಿದ್ದು ಹಾಸಿಗೆ ಹತ್ತಿರ ಹೋದಾಗ ಮರೆತುಹೋಗುತ್ತದೆ.

ಇನ್ನೊಂದು, ರೋಲ್ ಪ್ಲೇ. ಎಲ್ಲರ ಮುಂದೆ ಇಬ್ಬರನ್ನು ನಿಲ್ಲಿಸಿ ಮಾಡಿಸಬೇಡಿ ಮೇಡಂ. ನಾಚಿಕೆಗೆ ನಗು ಬರುತ್ತದೆ, ಇಡೀ ಕ್ಲಾಸ್ ನಗುತ್ತದೆ, ಅಷ್ಟೇ. ಮೂರು ಮೂರು ಜನ ಕೂತು ಮಾಡಿದರೆ ಚೆನ್ನಾಗಿರುತ್ತದೆ. ಒಬ್ಬರು ನರ್ಸ್, ಒಬ್ಬರು ರೋಗಿ, ಒಬ್ಬರು ಸುಮ್ನೆ ನೋಡಿ ಬರೆದುಕೊಳ್ಳುವವರು. ಆಮೇಲೆ ಜಾಗ ಬದಲಾಯಿಸುವುದು. ನಾನು ರೋಗಿಯಾಗಿ ಕೂತಾಗ ನನ್ನ ಗೆಳತಿ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡು ಕೂತಳು. ಅವಳಿಗೇ ಗೊತ್ತಿರಲಿಲ್ಲ. ನನಗೆ ಅದು ಎಷ್ಟು ಚುಚ್ಚಿತು ಅಂದರೆ ಇವತ್ತಿಗೂ ನೆನಪಿದೆ.

ಸಮುದಾಯ ಆರೋಗ್ಯ ಉಪನ್ಯಾಸಕ

ಡಬ್ಬದ ವಿಷಯ ಬಹಳ ಚೆನ್ನಾಗಿದೆ. ನಾನು ಎರಡು ಕೆಲಸ ಮಾಡುತ್ತೇನೆ.

ಒಂದು, ಲೋಟದ ಆಟ. ಎಲ್ಲರಿಗೂ ಅರ್ಧ ಲೋಟ ನೀರು. ಒಂದು ಲೋಟದಲ್ಲಿ ಮಾತ್ರ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ನೋಡಲು ನೀರಿನ ಹಾಗೇ ಇರುತ್ತದೆ. ಕೈಗೆ ತಾಗಬಾರದು, ಕುಡಿಯುವ ಮಾತಂತೂ ಇಲ್ಲವೇ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಮೂರು ಸಲ ಬೇರೆ ಬೇರೆಯವರ ಜೊತೆ ನೀರು ಬೆರೆಸಿ ಹಂಚಿಕೊಳ್ಳುತ್ತಾರೆ. ಕೊನೆಗೆ ಎಲ್ಲದಕ್ಕೂ ಒಂದು ಹನಿ ಫಿನಾಲ್ಫ್ತಲೀನ್, ಆ ದ್ರಾವಣ ಇದ್ದಲ್ಲಿ ಬಣ್ಣ ಬದಲಿಸುವ ರಾಸಾಯನಿಕ. ಒಂದು ಲೋಟದಿಂದ ಶುರುವಾದದ್ದು ಎಂಟು ಲೋಟದವರೆಗೆ ಗುಲಾಬಿ ಬಣ್ಣ ಆಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಟೆಸ್ಟ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ ಅನ್ನುವುದು ಮನಸ್ಸಿಗೆ ನಾಟುತ್ತದೆ.

ಎರಡು, ಇತಿಹಾಸ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ವರದಿಯಿಂದ ಶುರು ಮಾಡುತ್ತೇನೆ. ಎಚ್‌ಐವಿ ಸೋಂಕಿನ ಮುಂದುವರಿದ ಹಂತವಾದ ಏಡ್ಸ್‌ನ ಮೊದಲ ವರದಿ ಅದು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. ಅದೇ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ಏಡ್ಸ್ ಇರುವವರಿಗಾಗಿಯೇ ವಾರ್ಡ್ 5ಬಿ ತೆರೆಯಿತು. ಅದನ್ನು ಕಟ್ಟಿದವರು ಕ್ಲಿಫ್ ಮಾರಿಸನ್, ಒಬ್ಬ ನರ್ಸ್. ಅಲ್ಲಿ ಕೆಲಸಕ್ಕೆ ಬಂದ ನರ್ಸ್‌ಗಳು ತಾವಾಗಿ ಮುಂದೆ ಬಂದವರು. ಕೊಡಲು ಔಷಧಿ ಏನೂ ಇರಲಿಲ್ಲ. ಕೈ ಹಿಡಿದುಕೊಂಡು ಕೂರುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು. 1987ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಗ್ಲೌಸ್ ಇಲ್ಲದೆ ಒಬ್ಬ ರೋಗಿಯ ಕೈ ಕುಲುಕಿದ್ದು ಜಗತ್ತಿಗೆಲ್ಲಾ ಸುದ್ದಿಯಾಯಿತು. ಆ ಫೋಟೋ ತೋರಿಸಿ, ರೋಗಿಯ ಮುಖ ಯಾಕೆ ಕಾಣುವುದಿಲ್ಲ ಅಂತ ಕೇಳುತ್ತೇನೆ. ಅವರಿಗೆ ಗುರುತು ಸಿಗುವುದು ಬೇಡವಾಗಿತ್ತು. ಇಲ್ಲಿಂದ ಗೋಪ್ಯತೆಯ ಪಾಠಕ್ಕೆ ಸಲೀಸಾಗಿ ಹೋಗಬಹುದು.

ಔಷಧಿಯೇ ಇಲ್ಲದ ಕಾಲದ ನರ್ಸ್‌ಗಳು ಮುಟ್ಟಿದರು ಅಂತ ಗೊತ್ತಾದಾಗ, ದಿನಕ್ಕೊಂದು ಮಾತ್ರೆಯಲ್ಲಿ ವೈರಸ್ ತಗ್ಗಿಸಬಹುದಾದ ಕಾಲದ ಮಕ್ಕಳು ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಾರೆ.

ಎಚ್‌ಐವಿ ಜೊತೆ 19 ವರ್ಷ

ನಾನು ನರ್ಸ್ ಅಲ್ಲ. ನನಗೆ ಎಚ್‌ಐವಿ ಇದೆ. ನರ್ಸಿಂಗ್ ಮಕ್ಕಳ ಜೊತೆ ಮಾತಾಡಲು ಆಗಾಗ ಹೋಗುತ್ತೇನೆ. ಬಿಪಿ ನೋಡಿಸಿಕೊಂಡ ಆ ವ್ಯಕ್ತಿಯ ಪರವಾಗಿ ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಸಹಿಸಿಕೊಳ್ಳಿ.

ಸರ್, ಲೋಟದ ಆಟ ನಾನು ಒಂದು ಕಡೆ ಹಿಂದೆ ಕೂತು ನೋಡಿದ್ದೇನೆ. ಬಣ್ಣ ಬಂದ ತಕ್ಷಣ ಇಡೀ ಕ್ಲಾಸ್ ಕೂಗಿದ್ದು ಒಂದೇ ಮಾತು: ‘ಮೊದಲನೇ ಲೋಟ ಯಾರದ್ದು?’ ಒಬ್ಬ ಹುಡುಗನ ಕಡೆ ಎಲ್ಲರೂ ಬೆರಳು ತೋರಿಸಿದರು, ಅವನು ಪೆಚ್ಚಾಗಿ ನಿಂತಿದ್ದ. ಟೀಚರ್ ನಕ್ಕು ಮುಂದೆ ಹೋದರು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸಿತು. ನನ್ನ ಜೀವನದಲ್ಲಿ ಎಲ್ಲರೂ ಕೇಳಿದ್ದು ಅದೇ ಪ್ರಶ್ನೆಯನ್ನೇ.

ನಾನು ಕ್ಲಾಸಿಗೆ ಹೋದಾಗಲೂ ಮೊದಲ ಪ್ರಶ್ನೆ ‘ನಿಮಗೆ ಹೇಗೆ ಬಂತು?’ ಈಗ ನಾನು ತಿರುಗಿ ಕೇಳುತ್ತೇನೆ: ಇದು ಗೊತ್ತಾದರೆ ನೀನು ನನಗೆ ಕೊಡುವ ಇಂಜೆಕ್ಷನ್ ಬೇರೆ ಆಗುತ್ತದಾ? ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಳ್ಳೆಯ ಪ್ರಶ್ನೆಗಳು ಬರುತ್ತವೆ. ಮಾತ್ರೆ ಮರೆತರೆ ಏನು ಮಾಡುತ್ತೀರಿ, ಕೆಲಸದ ಕಡೆ ಗೊತ್ತಾ, ಮಕ್ಕಳಿದ್ದಾರಾ. ನನಗೆ ಒಬ್ಬ ಮಗಳಿದ್ದಾಳೆ, ಅವಳಿಗೆ ಎಚ್‌ಐವಿ ಇಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 15ರಿಂದ 45, ಚಿಕಿತ್ಸೆ ಸರಿಯಾಗಿ ಸಿಕ್ಕರೆ 5ಕ್ಕಿಂತ ಕಡಿಮೆ. ಈ ಅಂಕಿ ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಆದರೂ ಮಗಳ ವಿಷಯ ಹೇಳಿದಾಗ ಅವರ ಮುಖ ಬದಲಾಗುತ್ತದೆ.

ನಮ್ಮನ್ನು ಕರೆಯುವವರಿಗೆ ಮೂರು ಮಾತು. ಇನ್ನೂರು ಜನರ ಹಾಲ್‌ನಲ್ಲಿ ವೇದಿಕೆ ಹತ್ತಿಸಬೇಡಿ, ಎಂಟು ಹತ್ತು ಮಕ್ಕಳ ಜೊತೆ ಕೂರಿಸಿ. ಒಂದೇ ಸಲ ಕರೆದು ಅಳಿಸಿ ಕಳಿಸಬೇಡಿ, ಎರಡನೇ ಸಲ ಕರೆಯಿರಿ, ಆಗ ನಾನು ಅವರಿಗೆ ಒಂದು ಕಥೆಯಾಗಿ ಉಳಿಯುವುದಿಲ್ಲ, ಪರಿಚಯದವಳು ಆಗುತ್ತೇನೆ. ಆಮೇಲೆ ಆ ‘ಪೀಡಿತರು’, ‘ಬಲಿಪಶು’ ಅನ್ನುವ ಪದಗಳನ್ನು ದಯವಿಟ್ಟು ಬಿಡಿ. ‘ಏಡ್ಸ್ ರೋಗಿ’ ಅನ್ನುವುದೂ ನನಗೆ ಹೊಂದುವುದಿಲ್ಲ, ನನಗೆ ಏಡ್ಸ್ ಇಲ್ಲ. ಎಚ್‌ಐವಿ ಇರುವವರು ಅಂದರೆ ಸಾಕು.

ಸಮುದಾಯ ಆರೋಗ್ಯ ಉಪನ್ಯಾಸಕ

ಅಮ್ಮಾ, ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನನ್ನ ಕ್ಲಾಸಿನಲ್ಲೂ ‘ಮೊದಲನೇ ಲೋಟ ಯಾರದ್ದು’ ಅಂತ ಕೂಗಿದ್ದಾರೆ, ನಾನೂ ನಕ್ಕು ಬಿಟ್ಟಿದ್ದೇನೆ. ಇನ್ನು ಮೇಲೆ ಆ ಲೋಟ ನಾನೇ ಹಿಡಿದುಕೊಳ್ಳುತ್ತೇನೆ. ಕೂಗು ಬಂದಾಗ ಅಲ್ಲೇ ನಿಲ್ಲಿಸಿ, ಈಗ ನಿಮಗೆ ಯಾಕೆ ಅದು ಬೇಕಾಯಿತು ಅಂತ ಮಾತಾಡಿಸುತ್ತೇನೆ. ಬಹುಶಃ ಬಣ್ಣಕ್ಕಿಂತ ಆ ಮಾತುಕತೆಯೇ ಮುಖ್ಯ ಪಾಠ. ಒಂದೆರಡು ಲೋಟವನ್ನು ‘ಮಾತ್ರೆ ತೆಗೆದುಕೊಳ್ಳುತ್ತಿರುವವರು’ ಅಂತ ಇಟ್ಟು, ಅವರಿಂದ ಮುಂದಕ್ಕೆ ಹರಡದ ಹಾಗೆ ಆಟ ಬದಲಾಯಿಸಬಹುದಾ ಅಂತಲೂ ಯೋಚಿಸುತ್ತಿದ್ದೇನೆ.

ಸೋಂಕು ನಿಯಂತ್ರಣ ನರ್ಸ್

ಖಂಡಿತ ಬದಲಾಯಿಸಿ ಸರ್. ಎಷ್ಟೋ ಕಡೆ ಪಾಠ ಇನ್ನೂ ಹಳೇ ಕಾಲದಲ್ಲೇ ನಿಂತಿದೆ. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಹರಡುವುದಿಲ್ಲ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ನೋಡಿದ ಪಾರ್ಟ್ನರ್ ಅಧ್ಯಯನ 2016ರಲ್ಲೂ 2019ರಲ್ಲೂ ಫಲಿತಾಂಶ ಕೊಟ್ಟಿತು. ಚಿಕಿತ್ಸೆಯಲ್ಲಿದ್ದು ವೈರಸ್ ತಗ್ಗಿದ್ದ ಸಂಗಾತಿಯಿಂದ ಹರಡಿದ್ದು ಒಂದೂ ಇರಲಿಲ್ಲ. ಆದರೆ ಇದನ್ನು ಹೇಳುವಾಗ ನಿಖರವಾಗಿ ಹೇಳಿ. ಈ ಮಾತು ಲೈಂಗಿಕ ಸಂಪರ್ಕಕ್ಕೆ ಸೇರಿದ್ದು. ಹಾಲೂಡಿಸುವುದರಲ್ಲಿ ಅಪಾಯ ತುಂಬಾ ಇಳಿಯುತ್ತದೆ, ಸೊನ್ನೆ ಅಂತ ಹೇಳಲು ಆಗುವುದಿಲ್ಲ. ಸೂಜಿ ಚುಚ್ಚಿದರೆ ‘ಇವರು ಮಾತ್ರೆ ತಗೊಳ್ತಿದ್ದಾರೆ’ ಅಂತ ಸುಮ್ನೆ ಇರಬಾರದು, ರಿಪೋರ್ಟ್ ಮಾಡಲೇಬೇಕು.

ಬೋಧಕಿ ಮೇಡಂ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬರೆಯುವ ಪರೀಕ್ಷೆಯಲ್ಲಿ ಇದನ್ನು ಅಳೆಯಲು ಆಗುವುದಿಲ್ಲ. ನಾನು ಪ್ರಾಕ್ಟಿಕಲ್‌ನಲ್ಲಿ ಎರಡು ಹಾಸಿಗೆ ಇಡುತ್ತೇನೆ. ಎರಡರಲ್ಲೂ ಒಂದೇ ಕೆಲಸ, ಬಿಪಿ ನೋಡಿ ಆಮೇಲೆ ರಕ್ತ ತೆಗೆಯುವುದು. ಎರಡು ಕೇಸ್ ಶೀಟ್. ಒಂದರಲ್ಲಿ ಒಳಗೆ ಎಲ್ಲೋ ಒಂದು ಸಾಲಿನಲ್ಲಿ ಎಚ್‌ಐವಿ ಇದೆ ಅಂತ ಇರುತ್ತದೆ. ನೋಡುವವರು ಗ್ಲೌಸ್ ಯಾವಾಗ ಹಾಕಿದರು, ಎಷ್ಟು ಜೊತೆ, ಹೆಸರು ಹಿಡಿದು ಮಾತಾಡಿಸಿದರಾ, ಎಷ್ಟು ದೂರ ನಿಂತರು, ಇಷ್ಟನ್ನೇ ಬರೆದುಕೊಳ್ಳುತ್ತಾರೆ. ಮೊದಲನೇ ಸಲ ಅಂಕ ಕೊಡುವುದಿಲ್ಲ. ಎರಡು ಹಾಸಿಗೆಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಆ ವಿದ್ಯಾರ್ಥಿಗೆ ಒಬ್ಬರಿಗೇ ತೋರಿಸುತ್ತೇನೆ, ಎಲ್ಲರ ಮುಂದೆ ಅಲ್ಲ. ಇದರಲ್ಲಿ ಇನ್ನೊಂದು ವಿಷಯ ಹೊರಬರುತ್ತದೆ. ಎಚ್‌ಐವಿ ಇಲ್ಲದ ಹಾಸಿಗೆಯಲ್ಲಿ ಗ್ಲೌಸ್ ಹಾಕದೆ ರಕ್ತ ತೆಗೆಯುವವರು ಬಹಳ. ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಅದು, ಯಾಕೆಂದರೆ ಟೆಸ್ಟ್ ಮಾಡಿಸದವರು, ಟೆಸ್ಟಿನಲ್ಲಿ ಇನ್ನೂ ಕಾಣಿಸದ ವಿಂಡೋ ಅವಧಿಯಲ್ಲಿರುವವರು ಆ ಹಾಸಿಗೆಯಲ್ಲೇ ಇರುತ್ತಾರೆ.

ಮೂರನೇ ವರ್ಷದ ವಿದ್ಯಾರ್ಥಿನಿ

ಒಂದು ಪ್ರಶ್ನೆ ಸಿಸ್ಟರ್. ನಾನು ಪೋಸ್ಟಿಂಗ್‌ನಲ್ಲಿದ್ದ ಒಂದು ಕಡೆ ಕೇಸ್ ಶೀಟ್ ಮೇಲೆ ಕೆಂಪು ಸ್ಟಿಕರ್ ಅಂಟಿಸುತ್ತಿದ್ದರು. ನೋಡಲು ಬಂದವರಿಗೆಲ್ಲಾ ಕಾಣುತ್ತಿತ್ತು. ಅದು ತಪ್ಪು ಅಂತ ನನಗೆ ಗೊತ್ತು. ಆದರೆ ವಿದ್ಯಾರ್ಥಿ ಹೋಗಿ ಸೀನಿಯರ್‌ಗೆ ಹೇಳುವುದು ಹೇಗೆ? ಇದನ್ನು ಯಾರೂ ಕಲಿಸುವುದಿಲ್ಲ.

ವಾರ್ಡ್ ಸಿಸ್ಟರ್, 26 ವರ್ಷ ಸರ್ವಿಸ್

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮಾ. ‘ನೀವು ಮಾಡುತ್ತಿರುವುದು ತಪ್ಪು’ ಅಂತ ಶುರು ಮಾಡಿದರೆ ನಾನೂ ಸಿಟ್ಟಾಗುತ್ತೇನೆ, ಸುಳ್ಳು ಹೇಳುವುದಿಲ್ಲ. ‘ಸಿಸ್ಟರ್, ಈ ಸ್ಟಿಕರ್ ಅವರ ಮನೆಯವರಿಗೆ ಕಂಡರೆ ಅಂತ ಭಯ ಆಗುತ್ತಿದೆ, ಶೀಟ್ ಒಳಗೆ ಇಡಲಾ?’ ಅಂತ ಕೇಳು. ರೋಗಿಯ ಕಡೆಯಿಂದ ಮಾತಾಡು, ಮಾಡುವ ಕೆಲಸವನ್ನು ನೀನೇ ಕೈಗೆತ್ತಿಕೋ. ಹತ್ತರಲ್ಲಿ ಏಳು ಜನ ‘ಇಡು’ ಅನ್ನುತ್ತಾರೆ. ಉಳಿದವರ ವಿಷಯ ನಿನ್ನ ಟೀಚರ್‌ಗೆ ಹೇಳು, ನೀನೊಬ್ಬಳೇ ಹೊರಬೇಕಾದ ಭಾರ ಅಲ್ಲ ಅದು. ಬೋಧಕಿ ಮೇಡಂ, ರೋಲ್ ಪ್ಲೇನಲ್ಲಿ ಇದನ್ನೂ ಸೇರಿಸಿ. ರೋಗಿ ಜೊತೆ ಮಾತಾಡುವುದಷ್ಟೇ ಅಲ್ಲ, ನನ್ನಂಥ ಸೀನಿಯರ್ ಜೊತೆ ಮಾತಾಡುವುದನ್ನೂ ಮಕ್ಕಳು ಬಾಯಿ ಬಿಟ್ಟು ಅಭ್ಯಾಸ ಮಾಡಲಿ.

ನರ್ಸಿಂಗ್ ಬೋಧಕಿ

ಎಲ್ಲರಿಗೂ ಉತ್ತರ ಬರೆಯಲು ಮೂರು ವಾರ ಆಯಿತು. ಮಾಡಿ ನೋಡಿ ಬರೆಯೋಣ ಅಂತ ಕಾದೆ.

ಚುಕ್ಕಿ ಹಾಳೆ ಮಕ್ಕಳ ಕೈಯಲ್ಲೇ ಹಾಕಿಸಿದೆ. 1000 ಚುಕ್ಕಿ ಹಾಕುವಷ್ಟರಲ್ಲಿ ಬೆರಳು ನೋವು ಬಂತು ಅಂದರು. ಕೊನೆಗೆ ಕೆಂಪು ಹಾಕಬೇಕಾದದ್ದು ಮೂರೇ ಅಂದಾಗ ಒಬ್ಬ ಹುಡುಗ ‘ಇಷ್ಟೇನಾ’ ಅಂದ. ಲಸಿಕೆ ಬಾಕಿ ಇದ್ದವರು ಹನ್ನೊಂದು ಜನ ಸಿಕ್ಕರು. ಪ್ರಶ್ನೆ ಡಬ್ಬದಲ್ಲಿ ನಲವತ್ತು ಚೀಟಿ ಬಂತು, ಅದರಲ್ಲಿ ಎರಡಕ್ಕೆ ನನಗೇ ಉತ್ತರ ಗೊತ್ತಿರಲಿಲ್ಲ, ಓದಿಕೊಂಡು ಬಂದು ಮರುದಿನ ಹೇಳಿದೆ. ಎಚ್‌ಐವಿ ಇರುವ ಇಬ್ಬರು ಬಂದು ಸಣ್ಣ ಗುಂಪುಗಳಲ್ಲಿ ಕೂತು ಮಾತಾಡಿದರು. ಮುಂದಿನ ತಿಂಗಳು ಇನ್ನೊಂದು ಸಲ ಬರಲು ಒಪ್ಪಿದ್ದಾರೆ.

ಎರಡು ಹಾಸಿಗೆ ಪ್ರಾಕ್ಟಿಕಲ್ ಮಾಡಿದಾಗ ಆ ಹುಡುಗಿಯ ಹಾಳೆಗಳನ್ನು ಅವಳ ಮುಂದೆ ಇಟ್ಟೆ. ಗ್ಲೌಸ್ ಈಗ ಎರಡೂ ಕಡೆ ಒಂದೇ ಜೊತೆ, ಅದೂ ರಕ್ತ ತೆಗೆಯುವಾಗ ಮಾತ್ರ. ಆದರೆ ಎಚ್‌ಐವಿ ಇರುವ ಹಾಸಿಗೆಯಲ್ಲಿ ಹೆಸರು ಹಿಡಿದು ಮಾತಾಡಿಸಿರಲಿಲ್ಲ. ಅವಳೇ ಅದನ್ನು ಬೆರಳಿಟ್ಟು ತೋರಿಸಿದಳು. ‘ಇನ್ನೊಂದು ಸಲ ಮಾಡಲಾ ಮೇಡಂ’ ಅಂದಳು.

ಸೋಮವಾರದಿಂದ ಮತ್ತೆ ಪೋಸ್ಟಿಂಗ್. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಒಂದೇ ಒಂದು ಕೇಳಿಕೊಂಡಿದ್ದೇನೆ: ಯಾವ ಬೆಡ್‌ನವರಿಗೆ ಏನಿದೆ ಅಂತ ಮಕ್ಕಳ ಕಿವಿಯಲ್ಲಿ ಮೊದಲೇ ಪಿಸುಗುಟ್ಟಬೇಡಿ, ಕೇಸ್ ಶೀಟ್ ಅವರೇ ಓದಿಕೊಳ್ಳಲಿ. ಅವರು ಸ್ವಲ್ಪ ಯೋಚಿಸಿ ಸರಿ ಅಂದಿದ್ದಾರೆ.